ಮಂತ್ರಿಯ ಗಾಡಿಗೆ ಹೊಸ ಡ್ರೈವರ್

ಮಾರ್ಚ್ 3, ಸಂಜೆ

ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಮಂತ್ರಿಯ ಕಾರಿಗೆ ಬಾಂಬ್ ಅಂತ ಟಿವಿಯಲ್ಲಿ ಬಂತು. ಮಂತ್ರಿಗೆ ಏನೂ ಆಗಿಲ್ಲವಂತೆ. ನಮ್ಮ ಯಜಮಾನರು, ಮಹಾನುಭಾವರು, ಕುರ್ಚಿ ಬಿಟ್ಟು ಎದ್ದರು.

"ನೋಡ್ತಿರು, ಇನ್ನು ಈ ಸರ್ಕಾರದವರು ದಾರಿಗೆ ಬರ್ತಾರೆ. ನಾವು ಡ್ರೈವರ್‌ಗಳು ಸರ್ಕಾರಿ ಗಾಡಿ ಶೆಡ್ ಮುಂದೆ ಇಷ್ಟು ದಿನದಿಂದ ಧರಣಿ ಕೂತಿದ್ರೂ ಯಾರೂ ತಿರುಗಿ ನೋಡಲಿಲ್ಲ. ಒಬ್ಬ ಧೈರ್ಯ ಮಾಡಿದ. ಜನ ಎದ್ದೇಳ್ತಾರೆ."

"ಮೊದಲು ನೀವು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಎದ್ದೇಳಿ" ಅಂದೆ.

ನಕ್ಕರು. ಜಿರಳೆ ಕಂಡರೆ ನನ್ನನ್ನು ಕೂಗುವ ಮನುಷ್ಯ... ಬಾಂಬಿನ ಮಾತು ಬೇರೆ. ಮಂತ್ರಿಯ ಡ್ರೈವರ್ ಮೀಸೆಯಣ್ಣ ಇವತ್ತು ರಜೆ, ಗಾಡಿಯಲ್ಲಿ ಬೇರೆ ಯಾರೋ ಇದ್ದಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬೇರೆ ಯಾರೋ ಆದರೆ ಪರವಾಗಿಲ್ಲವಾ?

ಅದೇ ದಿನ, ಊಟದ ಹೊತ್ತು

ರಜೆ ಕ್ಯಾನ್ಸಲ್ ಆಗಿತ್ತಂತೆ. ಮೀಸೆಯಣ್ಣ ಹೋಗಿಬಿಟ್ಟರು. ಇವರಿಗೆ ಗಾಡಿ ಕಲಿಸಿದವರು, ನನ್ನನ್ನು ತಂಗಿ ಅನ್ನುತ್ತಿದ್ದವರು. ಇವರು ಗೋಡೆ ನೋಡುತ್ತ ಕೂತಿದ್ದಾರೆ. ಬೈಯಬೇಕೆಂದಿದ್ದೆ. ಪಕ್ಕದಲ್ಲಿ ಹೋಗಿ ಕೂತೆ.

ಮಾರ್ಚ್ 9

ಗುಂಪುಗೂಡುವಂತಿಲ್ಲ ಎಂದು ಆರ್ಡರ್. ಧರಣಿಯ ಟೆಂಟನ್ನು ಪೊಲೀಸರು ಕಿತ್ತುಕೊಂಡು ಹೋದರು. ಮೊನ್ನೆಯವರೆಗೂ ನಮ್ಮವರಿಗೆ ನೀರು ಕೊಡುತ್ತಿದ್ದ ಅಂಗಡಿಯವನು ಈಗ ಇವರನ್ನು ಕಂಡರೆ ಶಟರ್ ಎಳೆಯುತ್ತಾನೆ. ಏನೂ ಆಗದ ಮಂತ್ರಿಯ ಕೈಗೊಂದು ಪಟ್ಟಿ, ಊರೆಲ್ಲ ಅಯ್ಯೋ ಪಾಪ.

"ಎಲ್ರೀ, ಜನ ಎದ್ರಾ?"

"ಒಂದೇ ದಿನಕ್ಕೆ ಆಗುತ್ತೇನೇ? ನಿಧಾನಕ್ಕೆ..."

"ಹೋಗಿ, ಮೀಸೆಯಣ್ಣನ ಹೆಂಡ್ತಿಗೆ ಹೇಳಿ ಅದನ್ನ."

ಎದ್ದು ಹೋಗಿ ಪಾತ್ರೆ ತೊಳೆದರು. ಪಾಪ ಅನ್ನಿಸಿತು.

ಮಾರ್ಚ್ 15

ಮಂತ್ರಿಯ ಗಾಡಿಗೆ ಡ್ರೈವರ್ ಬೇಕು. ಶೆಡ್ಡಿನಲ್ಲಿ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಹೊಸದಾಗಿ ಸೇರಿದವನನ್ನು ಹಾಕಿದರಂತೆ. ಅವನ ಹೆಂಡತಿಗೆ ಏಳು ತಿಂಗಳು. ನಮ್ಮವರು "ನಾನೇ ಹೋಗ್ತೀನಿ" ಎಂದು ಬಂದಿದ್ದಾರೆ.

ದೊಡ್ಡ ಜಗಳ.

"ನಿಮಗೆ ಹೆಂಡ್ತಿ ಇಲ್ವಾ?"

"ಇದ್ದಾಳಲ್ಲ. ಅದಕ್ಕೇ ಭಯ."

"ಭಯ ಇದ್ರೆ ಯಾಕ್ರೀ ಬೇಕು?"

"ಅವತ್ತು ಟಿವಿ ಮುಂದೆ ಖುಷಿಪಟ್ಟೆನಲ್ಲೇ. ಆ ಹೊತ್ತಿಗೆ ಅಣ್ಣ ರಸ್ತೇಲಿ ಬಿದ್ದಿದ್ರು."

ಇವರ ಎದೆಗೆ ಗುದ್ದಿದೆ. ಆಮೇಲೆ ಅಲ್ಲೇ ಮುಖವಿಟ್ಟು ಅತ್ತೆ. ನೀವಿಲ್ಲದೆ ನನ್ನ ಕೈಲಿ ಒಂದು ದಿನವೂ ಆಗಲ್ಲ ಎಂದುಬಿಟ್ಟೆ. ಹೇಳಬಾರದಿತ್ತು, ಕೊಬ್ಬುತ್ತಾರೆ.

ಮಾರ್ಚ್ 22, ಬೆಳಿಗ್ಗೆ

ಇವತ್ತು ಮೊದಲ ಡ್ಯೂಟಿ. ಬೇಗ ಹೊರಡಬೇಕೆಂದು ಗಾಡಿಯನ್ನು ನಿನ್ನೆಯೇ ತಂದು ಮನೆ ಮುಂದೆ ನಿಲ್ಲಿಸಿದ್ದರು. ಕಿಟಕಿ ಹತ್ತಿರ ಬರಬೇಡ ಎಂದು ಗದರಿಸಿ ಹೋದರು. ಕಿಟಕಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇವರ ಮಾತು ಯಾವತ್ತು ಕೇಳಿದ್ದೇನೆ?

ಮಂಡಿನೋವಿನ ಮನುಷ್ಯ ರಸ್ತೆಯಲ್ಲಿ ಅಂಗಾತ ಮಲಗಿ, ಗಾಡಿಯ ಕೆಳಗೆ ಟಾರ್ಚ್ ಹಾಕಿ ನೋಡುತ್ತಿದ್ದಾರೆ. ಒಗೆದ ಶರ್ಟಿಗೆಲ್ಲ ಮಣ್ಣು. ಸಂಜೆ ಬರಲಿ, ಮಾಡ್ತೀನಿ... ಎದ್ದರು. ಒಳಗೆ ಕೂತರು. ನನ್ನನ್ನು ನೋಡಿಬಿಟ್ಟರು — ದೂರ ಹೋಗು, ದೂರ ಹೋಗು ಎಂದು ಕೈ ಬೀಸುತ್ತಿದ್ದಾರೆ. ಹೋಗಲ್ಲ ರೀ. ಕೀ ಹಾಕಿದರು. ಈಗ ತಿರು