ದಾರಿಗೆ ಕೇಳಿಸಬಾರದ ಮಾತು

ಆಗಸ್ಟ್ 4

ಮುಂದಿನ ಎಡಗಡೆ ಚಕ್ರ ಮತ್ತೆ ಗಾಳಿ ಬಿಟ್ಟಿತ್ತು. ಪಂಕ್ಚರ್ ಹಾಕಿದೆ. ಪೆಟ್ರೋಲ್ ತುಂಬಿಸಿದೆ, ನೀರಿನ ಕ್ಯಾನು ಕಟ್ಟಿದೆ. ಈ ರಷ್ಯಾದ ವ್ಯಾನು ನನಗಿಂತ ಹೆಚ್ಚು ಕೆಮ್ಮುತ್ತದೆ.

ಈ ಸಲ ಪ್ರವಾಸಿ ಒಬ್ಬಳೇ. ಮರೈಕೆ ಅಂತೆ, ಹಾಲೆಂಡಿನವಳು. ರೈಲ್ವೆಯಲ್ಲಿದ್ದು ನಿವೃತ್ತಳಾದವಳು. ಗೋಬಿ ಮರುಭೂಮಿ ನೋಡಿ, ಅಲ್ಲಿಂದ ಉತ್ತರದ ದೊಡ್ಡ ಸರೋವರಕ್ಕೆ ಹೋಗಬೇಕಂತೆ. ಜೊತೆಗೆ ದುಭಾಷಿ ಉಯಾಂಗಾ. ಶಾಲೆಯಲ್ಲಿ ಟೀಚರು, ರಜೆಯಲ್ಲಿ ಈ ಕೆಲಸ.

ಹೋಗುವುದಿಲ್ಲ ಅಂದಿದ್ದೆ. ಹೆಂಡತಿ ಖಂದ್‌ಳ ಲಿವರ್ ಪೂರ್ತಿ ಕೆಟ್ಟಿದೆ. ಮೊದಲ ಹಿಮ ಬೀಳುವವರೆಗೆ ಇದ್ದಾಳು ಅಂದಿದ್ದಾರೆ ಡಾಕ್ಟರು. ಆದರೆ ಅವಳೇ ಬೈದು ಕಳಿಸಿದಳು.

"ಇಲ್ಲೇ ಕೂತು ನನ್ನ ಮುಖ ಕಾಯ್ತಿದ್ರೆ ಬೇಗ ಹೋಗ್ಬಿಡ್ತೀನಿ, ಮುದುಕಾ. ಗೋಬಿಗೆ ತಾನೆ ಹೋಗೋದು? ಕಾಡೀರುಳ್ಳಿ ತಗೊಂಡ್ ಬಾ. ಬೇರೇನೂ ಬಾಯಿಗೆ ಸೇರ್ತಿಲ್ಲ."

ಅವಳ ತವರು ಅದೇ.

ನಾನು ಹೊರಟಾಗ ದಾರಿ ಸುಗಮವಾಗಲಿ ಅಂತ ವ್ಯಾನಿನ ಹಿಂದೆ ಹಾಲು ಚಿಮುಕಿಸುವುದು ಮದುವೆಯಾದಾಗಿನಿಂದ ಅವಳ ಕೆಲಸ. ಮಗಳು ಸೋಲೊಂಗೊ ಬಟ್ಟಲು ಕೇಳಿದಳು, ಕೊಡಲಿಲ್ಲ. ಬಾಗಿಲ ಹೊರಗೆ ಸ್ಟೂಲ್ ಹಾಕಿಸಿಕೊಂಡು ಕೂತೇ ಚಿಮುಕಿಸಿದಳು. ಅರ್ಧ ಅವಳ ಮಡಿಲಿಗೇ ಬಿತ್ತು. ಕನ್ನಡಿಯಲ್ಲಿ ಕಂಡಿತು.

ಆಗಸ್ಟ್ 5

ತಲೆ ಚಿಟ್ಟು ಹಿಡಿಯಿತು.

"ಎಷ್ಟೊತ್ತಿಗೆ ತಲುಪ್ತೀವಿ ಅಂತ ಕೇಳ್ತಿದಾರೆ, ದಮ್ದಿನ್ ಅಣ್ಣ."

"ತಲುಪಿದಾಗ ತಲುಪ್ತೀವಿ ಅಂತ ಹೇಳು."

"ಬೆಳಿಗ್ಗೆನೇ ಹೇಳ್ದೆ."

"ಹಾಗಾದ್ರೆ ಈಗ ಗಟ್ಟಿಯಾಗಿ ಹೇಳು."

ದಾರಿಯಲ್ಲಿ ಆ ಮಾತು ಆಡಬಾರದು. ದಾರಿಗೆ ಕೇಳಿಸಿದರೆ ಅದು ಕಾಲು ಚಾಚಿ ಮಲಗುತ್ತದೆ. ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ಸೋಲೊಂಗೊಗೆ ಈಗ ಮೂವತ್ತು ದಾಟಿದೆ, ಒಂದು ದಿನವೂ ನನ್ನನ್ನು ಹಾಗೆ ಕೇಳಿದವಳಲ್ಲ. ಕುದುರೆಗೆ ಹುಲ್ಲಿದೆಯಾ, ಆಕಾಶ ಹೇಗಿದೆ ಅಂತ ಕೇಳುತ್ತಾಳೆ. ನಾನು ಅರ್ಥ ಮಾಡಿಕೊಳ್ಳುತ್ತೇನೆ. ನಮಗೆ ಕುದುರೆಯೇ ಇಲ್ಲ.

ಈ ಆಯಮ್ಮನಿಗೆ ಹೇಗೆ ಹೇಳುವುದು. ಅವಳ ದೇಶವೇ ನಮ್ಮ ಒಂದು ಜಿಲ್ಲೆಯೊಳಗೆ ಕೂರುತ್ತದಂತೆ. ರೈಲು ಒಂದು ನಿಮಿಷ ತಡವಾದರೆ ಅಲ್ಲಿ ಕ್ಷಮೆ ಕೇಳುತ್ತಾರಂತೆ. ಯಾರು ಕೇಳುವುದು... ರೈಲೋ?

ಆಗಸ್ಟ್ 8, ಸಂಜೆ

ಮರಳ ದಿಬ್ಬ ನೋಡಿದಳು. ಒಂಟೆ ಹತ್ತಿದಳು, ಬಿದ್ದಳು, ನಕ್ಕಳು. ಇಷ್ಟು ದೊಡ್ಡ ಆಕಾಶ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದಂತೆ. ಕುರಿ ಮಾಂಸಕ್ಕೂ ಹಾಗಾಗುತ್ತದೆ ಅಂದೆ. ಉಯಾಂಗಾ ಅದನ್ನು ಹೇಳಲಿಲ್ಲ.

ಕಳೆದ ವಾರ ಮಳೆ ಬಿದ್ದಿದೆ. ಕಲ್ಲುಗಳ ನಡುವೆ ಕಾಡೀರುಳ್ಳಿ ಎದ್ದಿದೆ, ನೀಲಿ ಹೂವಿನ ಸಮೇತ. ಬಗ್ಗಿ ಕೀಳುತ್ತಿದ್ದೆ. ಸೊಂಟ ಹಿಡಿಯಿತು. ನೋಡಿದರೆ ಆಯಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದಾಳೆ. ನಿನ್ನೆಯವರೆಗೆ ವ್ಯಾನಿನಲ್ಲಿ ಉಪ್ಪು ಚಹಾದ ವಾಸನೆಗೇ ಮೂಗು ಮುಚ್ಚಿಕೊಂಡವಳು.

"ಖಂದ್ ವಿಷಯ ನೀನು ಹೇಳ್ದೆಯಾ?" ಅಂದೆ ಉಯಾಂಗಾಗೆ.

"ಹೇಳ್ದೆ. ಬೈತೀರಾ?"

"ಬೇರುಸಹಿತ ಕೀಳ್ಬೇಡ ಅಂತ ಹೇಳು. ಮುಂದಿನ ವರ್ಷಕ್ಕೂ ಬೇಕು."

ಬಾಯಿತಪ್ಪಿ ಬಂತು. ಮುಂದಿನ ವರ್ಷ ಯಾರಿಗೆ...

ಫೋನಿಗೆ ಸಿಗ್ನಲ್ ಇಲ್ಲ.

ಆಗಸ್ಟ್ 11

ಗುಡ್ಡದ ಮೇಲಿನ ಕಲ್ಲುಗುಪ್ಪೆಯ ಹತ್ತಿರ ಸಿಗ್ನಲ್ ಸಿಕ್ಕಿತು. ಪದ್ಧತಿಯಂತೆ ಮೂರು ಸುತ್ತು ಹಾಕಿ, ಕಲ್ಲಿಟ್ಟು, ಮಗಳಿಗೆ ಫೋನ್ ಮಾಡಿದೆ.

"ಈರುಳ್ಳಿ ಸಿಕ್ಕಿತು ಅಂತ ಅಮ್ಮಂಗೆ ಹೇಳು," ಅಂದೆ. "ಒಂದು ಚೀಲ. ಇನ್ನೂ ಹಸುರಾಗಿದೆ."

ಗಾಳಿ ಜೋರಿತ್ತು, ಕೇಳಿಸಲಿಲ್ಲವೇನೋ ಅಂದುಕೊಂಡೆ. ಕುದುರೆ, ಹುಲ್ಲು, ಆಕಾಶ... ಕಾಯುತ್ತಾ ನಿಂತೆ.

"ಅಪ್ಪಾ," ಅಂದಳು. "ಎಷ್ಟೊತ್ತಿಗೆ ತಲುಪ್ತೀರಾ?"

ಖಂದ್ ಹೇಗಿದ್ದಾಳೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆ ಹುಡುಗಿ ಸುಳ್ಳು ಹೇಳಬೇಕಾಗುತ್ತಿತ್ತು. ಹೊರಟಿದ್ದೇನೆ ಅಂದೆ.

ಕೆಳಗೆ ಬಂದು ಉಯಾಂಗಾಗೆ ಹೇಳಿದೆ, "ಸರೋವರಕ್ಕೆ ಹೋಗಲ್ಲ. ಮನೆ ಕಡೆ ತಿರುಗಿಸ್ತೀನಿ. ಆಯಮ್ಮ ಏನ್ ಬೇಕಾದ್ರೂ ಅನ್ನಲಿ."

ಮರೈಕೆ ಕೇಳಿಸಿಕೊಂಡು ಎರಡೇ ಮಾತು ಆಡಿದಳು.

"ಏನಂದ್ಲು?"

"ಸರೋವರ ಎಲ್ಲೂ ಓಡಿ ಹೋಗಲ್ಲ ಅಂದ್ರು. ಮುಂದೆ ನೋಡಿ ಓಡಿಸಿ, ಅಣ್ಣ."

ದಿನವಿಡೀ ಆಯಮ್ಮ ಎಷ್ಟೊತ್ತಿಗೆ ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು.

ಆಗಸ್ಟ್ 12, ಮಧ್ಯಾಹ್ನ

ಓಂಗಿ ಹೊಳೆ ತುಂಬಿ ಬಂದುಬಿಟ್ಟಿದೆ. ಮೇಲೆಲ್ಲೋ ಮಳೆ. ವರ್ಷವೆಲ್ಲ ಪಾದ ನೆನೆಯದ ಹೊಳೆ, ಇವತ್ತೇ. ವ್ಯಾನು ಇಳಿಸಿದೆ, ಇಂಜಿನ್ನಿಗೆ ನೀರು ನುಗ್ಗಿತು. ದಬ್ಬಿ ಹಿಂದಕ್ಕೆ ತಂದೆವು. ಆಚೆ ದಡದ ಹಳ್ಳಿಯಿಂದ ಟ್ರ್ಯಾಕ್ಟರ್ ಬರಬೇಕು.

ಚೀಲ ಬಿಚ್ಚಿ ನೋಡಿದೆ. ಈರುಳ್ಳಿ ಬಾಡುತ್ತಿದೆ. ಮರೈಕೆ ತನ್ನ ಕತ್ತಿನ ಬಟ್ಟೆ ಹೊಳೆಯಲ್ಲಿ ಅದ್ದಿ ತಂದು ಮೇಲೆ ಹೊದಿಸಿದಳು. ಒಳ್ಳೆಯ ರೇಷ್ಮೆ. ಹಾಳಾಯಿತು. ಬೇಡ ಅನ್ನಲು ನನಗೆ ಅವಳ ಭಾಷೆ ಬರುವುದಿಲ್ಲ.

ದಡದಲ್ಲಿ ಕುರಿ ಕಾಯುವ ಮುದುಕನೊಬ್ಬ ಕೂತಿದ್ದ. ಹತ್ತಿರ ಹೋಗಿ ಕೇಳಿದೆ.

"ಎಷ್ಟೊತ್ತಿಗೆ ದಾಟಬಹುದು?"

ನನ್ನ ಮುಖ ನೋಡಿದ. ಎದ್ದು ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಕೈಗಿಟ್ಟ. ಹಾಸಿಗೆ ಹಿಡಿದಿರೋದು ಯಾರು ಅಂತ ಮೆಲ್ಲಗೆ ಕೇಳಿದ. ಹೆಂಡತಿ ಅಂದೆ. ಟೋಪಿ ತೆಗೆದು ಪಕ್ಕದಲ್ಲಿ ಕೂತ.

ಆಚೆ ಟ್ರ್ಯಾಕ್ಟರಿನ ಶಬ್ದ. ಉಯಾಂಗಾ ಕೂಗುತ್ತಿದ್ದಾಳೆ. ಖಂದ್, ಈರುಳ್ಳಿ ಒದ್ದೆ ಬಟ್ಟೆಯಲ್ಲಿದೆ, ಇನ್ನು ನಾನು... ಬೇಡ, ದಾರಿಗೆ ಕೇಳಿಸೀತು.