ಅಳಿಯನ ಪಾಲಿನ ಎದೆಮಾಂಸ ಮತ್ತು ನನ್ನ ಹೋರಿ

ಅಕ್ತೊಬೆಯ ತಳಿ ನೋಂದಣಿ ಕಚೇರಿಯ ಮಾನ್ಯ ಅಧಿಕಾರಿಗಳಿಗೆ,

ನನಗೆ ಮದುವೆಯಾಯಿತು, ಮಾನ್ಯರೇ, ಮತ್ತು ನನ್ನಷ್ಟು ಸುಖಿ ಈ ಹುಲ್ಲುಗಾವಲಿನಲ್ಲಿ ಸದ್ಯಕ್ಕೆ ಯಾರೂ ಇಲ್ಲ! ಇದು ನಿಮಗೆ ಹೊಸ ಸುದ್ದಿಯಲ್ಲ, ಮದುವೆಗೆ ನೀವೂ ಬಂದಿದ್ದಿರಿ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅದನ್ನು ಓದುವ ಉಳಿದವರಿಗೂ ತಿಳಿಯಲಿ ಎಂದು ಬರೆದೆ. ಆದರೆ ಮದುವೆಯ ದಿನ ಮುಸುಕು ತೆಗೆದು ನನ್ನ ಮುಖ ನೋಡಿದ್ದಕ್ಕೆ ಮಾವ ಕಾಣಿಕೆಯಾಗಿ ಕೊಟ್ಟ ಹೋರಿಯ ಬೀಜವನ್ನು ಹಿಮ ಕರಗುವ ಮೊದಲು ಒಡೆಸಬೇಕು ಎಂದು ನಿಮ್ಮ ಕಚೇರಿ ಆದೇಶಿಸಿದೆ. ನನ್ನ ದೂರು ಅದರ ಬಗ್ಗೆ.

ನಿಮ್ಮ ಹೆಸರು ಹಿಡಿದು ಬರೆಯೋಣವೆಂದರೆ ನೀವು ನನ್ನ ಗಂಡ ಎರ್ಕೆಬುಲಾನನ ಅಕ್ಕನ ಗಂಡ, ಈ ಮನೆಯ ಹಿರಿಯ ಅಳಿಯ. ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ, ಬದಲಿಗೊಂದು ಅಡ್ಡಹೆಸರಿಟ್ಟು ಕರೆಯಬೇಕು. ನಾನು 'ಐಸ್‌ಪೆಟ್ಟಿಗೆ ಭಾವ' ಎಂದಿಟ್ಟೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಬೇಸರಿಸಬೇಡಿ. ಪರೀಕ್ಷೆಗೆ ಮಾಂಸ ಒಯ್ಯಲೆಂದು ಮದುವೆಗೆ ಐಸ್‌ಪೆಟ್ಟಿಗೆ ಹಿಡಿದು ಬಂದ ಅಳಿಯ ನೀವೊಬ್ಬರೇ.

ನಿಮ್ಮ ಕಚೇರಿಯ ಯೋಜನೆ ಸೊಗಸಾದದ್ದು, ಅದರಲ್ಲಿ ಎರಡು ಮಾತಿಲ್ಲ. ಹೆಂಗಸರು ಮಕ್ಕಳು ರಕ್ತಹೀನತೆಯಿಂದ ಬಿಳಿಚಿಕೊಳ್ಳುವ ನಾಡಿನಲ್ಲಿ, ಮಾಂಸದಲ್ಲಿ ಕಬ್ಬಿಣ ಹೆಚ್ಚಿರುವ ಕರುಗಳನ್ನು ಹುಟ್ಟಿಸುವ ಹೋರಿಗಳನ್ನೇ ಆರಿಸಿ ಉಳಿಸುವುದು. ಆ ಗುಣ ಒಂದಿಷ್ಟು ಅಪ್ಪನಿಂದ ಬರುತ್ತದೆ, ಒಂದಿಷ್ಟು ಅಮ್ಮನಿಂದ. ಮೇವು, ಮಣ್ಣು, ವಯಸ್ಸು ಕೂಡ ತಮ್ಮ ಪಾಲು ಕೇಳುತ್ತವೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಆಮೇಲೆ ತಳಿಶಾಸ್ತ್ರ ಓದಿ, ಇದನ್ನೆಲ್ಲ ಬಾಯಿಪಾಠ ಮಾಡಿದವಳು ನಾನು. ಕಬ್ಬಿಣ ಒಂದೇ ದನದ ಒಂದು ಮಾಂಸಖಂಡದಿಂದ ಇನ್ನೊಂದಕ್ಕೂ ಬದಲಾಗುತ್ತದೆ, ಆದ್ದರಿಂದ ಎಲ್ಲ ದನಗಳಿಂದಲೂ ಒಂದೇ ಜಾಗದ ತುಂಡು ತೆಗೆಯಬೇಕು ಎಂದು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ನಮ್ಮಲ್ಲಿ ನೆಂಟಸ್ತಿಕೆ ನೋಡಿ ತುಂಡು ಕೊಡುತ್ತಾರಲ್ಲ, ಅಳಿಯನಿಗೆ ಯಾವ ತುಂಡು ಎಂಬುದು ಮಾತ್ರ ಯಾವ ಪಠ್ಯದಲ್ಲೂ ಇರಲಿಲ್ಲ.

ನನ್ನ ಹೋರಿಯ ಹೆಸರು ಶೋಯಿನ್, ಎಂದರೆ ಬೀಡುಕಬ್ಬಿಣ. ಅವನ ಮಗನ ಮಾಂಸದಲ್ಲಿ ಕಬ್ಬಿಣವೇ ಇಲ್ಲವೆಂಬಂತೆ ನಿಮ್ಮ ವರದಿ ಬಂತು. ಹೊಳೆಯಾಚೆಯ ದೊಡ್ಡ ಫಾರಮ್ಮಿನ ಹೋರಿಯ ಮಗನಲ್ಲಿ ಧಾರಾಳ. ಮಾವ ವರದಿಯನ್ನು ಮೂಗಿನ ಹತ್ತಿರ ಹಿಡಿದು ಓದಿ, "ಕೊಟ್ಟ ಕಾಣಿಕೆ ನಾನೇ ವಾಪಸ್ ಕಿತ್ಕೊಂಡ ಹಾಗಾಯ್ತಲ್ಲಮ್ಮ" ಎಂದರು. ಅಂದಿನಿಂದ ಚಹಾ ಕುಡಿಯುವಾಗಲೂ ನನ್ನ ಕಡೆ ನೋಡುತ್ತಿಲ್ಲ.

ನನಗೆ ಅನುಮಾನ ಬಂದು ಅತ್ತೆಯನ್ನು ಕೇಳಿದೆ: ನಮ್ಮ ಮದುವೆಗೆ ಕಡಿದದ್ದು ಶೋಯಿನ್‌ನ ಮಗನನ್ನೇ ಅಲ್ಲವೇ, ಭಾವನ ಪೆಟ್ಟಿಗೆಗೆ ಯಾವ ಮಾಂಸ ಹಾಕಿದಿರಿ?

"ಅಳಿಯಂದ್ರು ಮಾಂಸ ಕೇಳಿದ್ರೆ ಇನ್ನೇನಮ್ಮ ಕೊಡ್ತಾರೆ, ಎದೆಮಾಂಸಾನೇ. ಒಳ್ಳೇ ಕೊಬ್ಬಿರೋದು ನೋಡಿ ಆರಿಸಿದ್ದೆ."

"ಬೆನ್ನಿನ ಮಾಂಸ ಬೇಕು ಅಂತ ಅವರು ಹೇಳ್ಲಿಲ್ವಾ, ಅತ್ತೆ?"

"ಹೇಳಿದ್ರು. ಅಳಿಯ ಸಂಕೋಚಕ್ಕೆ ಹಾಗಂತಾರೆ ಅಂತ ಅಳಿಯನ ಪಾಲು ತಪ್ಪಿಸೋಕಾಗುತ್ತಾ? ನಾಳೆ ನನ್ನ ಮಗಳು ಆ ಮನೇಲಿ ತಲೆ ಎತ್ತಿ ಓಡಾಡೋದು ಬೇಡ್ವಾ?"

ಪರೀಕ್ಷೆಗಂತೆ ಅತ್ತೆ, ಎಂದೆ. ಪರೀಕ್ಷೆ ಮಾಡುವವರೂ ಕೊನೆಗೆ ತಿನ್ನುತ್ತಾರೆ ಎಂದುಕೊಂಡರಂತೆ.

ಹೊಳೆಯಾಚೆಯ ಫಾರಮ್ಮಿಗೆ ನೀವು ಅಳಿಯನಲ್ಲ, ಗೌರವದ ಅತಿಥಿ. ಅತಿಥಿಗೆ ಸಲ್ಲುವುದು ಸೊಂಟದ ಮಾಂಸ: ಕೊಬ್ಬಿಲ್ಲದ, ಕಡುಗೆಂಪಿನ, ಕಬ್ಬಿಣ ತುಂಬಿದ ಖಂಡ. ಹೋಗಿ ವಿಚಾರಿಸಿದೆ, ಅದನ್ನೇ ಕೊಟ್ಟಿದ್ದಾರೆ. ಹಾಗಾದರೆ ನಿಮ್ಮ ಪ್ರಯೋಗಾಲಯ ಅಳೆದದ್ದು ಏನನ್ನು? ಎರಡು ಹೋರಿಗಳನ್ನಲ್ಲ ಮಾನ್ಯರೇ, ಎರಡು ಮನೆಗಳಲ್ಲಿ ನಿಮಗಿರುವ ಎರಡು ಸ್ಥಾನಗಳನ್ನು. ಅತ್ತೆಮನೆಯ ಮರ್ಯಾದೆಯಲ್ಲಿ ಕೊಬ್ಬು ಹೆಚ್ಚು, ಕಬ್ಬಿಣ ಕಡಿಮೆ ಎಂಬುದು ಉಪಯುಕ್ತ ಸಂಶೋಧನೆಯೇ ಸರಿ. ಅದಕ್ಕೆ ಶೋಯಿನ್ ತನ್ನ ವಂಶವನ್ನೇ ತೆರಬೇಕೇ? ಪೆಟ್ಟಿಗೆ ತೆರೆದಾಗ ಎದೆಮಾಂಸವೆಂದು ತಮಗೆ ಗೊತ್ತಾಗಲಿಲ್ಲವೇ? ಅಥವಾ ಗೊತ್ತಾಗಿಯೂ, ಅತ್ತೆಗೆ ಅದನ್ನು ವಾಪಸ್ ಕೊಡುವ ಧೈರ್ಯ ಬರಲಿಲ್ಲವೇ? ಬಂದಿರಲಾರದು, ನನಗೂ ಅವರೇ ಅತ್ತೆ.

ಶೋಯಿನ್ ಗೆದ್ದೇ ಗೆಲ್ಲುತ್ತಾನೆ ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಈ ಚಳಿಗಾಲಕ್ಕೆ ಕಡಿದ, ಒಂದೇ ವಯಸ್ಸಿನ, ಒಂದೇ ಬಯಲಲ್ಲಿ ಮೇದ ಎರಡೂ ಹೋರಿಗಳ ಮಕ್ಕಳ ಬೆನ್ನಿನಿಂದ, ಒಂದೇ ಪಕ್ಕೆಲುಬಿನ ಎದುರಿನ ತುಂಡುಗಳನ್ನು ನಾನೇ ನಿಂತು ತೆಗೆಸಿದ್ದೇನೆ. ಅವುಗಳನ್ನು ಪರೀಕ್ಷಿಸಿ, ಅಲ್ಲಿಯವರೆಗೆ ಆದೇಶ ತಡೆಹಿಡಿಯಿರಿ. ಶೋಯಿನ್ ಸೋತರೆ ಹಗ್ಗ ನಾನೇ ಹಿಡಿಯುತ್ತೇನೆ. ಗೆದ್ದರೆ ನೀವೇ ಬಂದು ಮಾವನಿಗೆ ಹೇಳಬೇಕು, ಅವರು ಮತ್ತೆ ನನ್ನ ಮುಖ ನೋಡಿ ಚಹಾ ಕುಡಿಯುವಂತಾಗಬೇಕು.

ತುಂಡುಗಳನ್ನು ನಾನೇ ತರುತ್ತೇನೆ. ಈ ಚಳಿಯಲ್ಲಿ ಐಸ್‌ಪೆಟ್ಟಿಗೆ ಬೇಡ, ಗೋಣಿಚೀಲ ಸಾಕು. ಜೊತೆಗೆ ಬಿಳಿಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಗಂಟು ಇರುತ್ತದೆ. ಅತ್ತೆ ಬಿಡಲಿಲ್ಲ, ಅದು ಎದೆಮಾಂಸ. ಚೀಲದ್ದು ಪ್ರಯೋಗಾಲಯಕ್ಕೆ, ಗಂಟಿನದು ನಿಮ್ಮ ಊಟಕ್ಕೆ; ದಯವಿಟ್ಟು ಈ ಸಲ ಅದಲುಬದಲು ಮಾಡಬೇಡಿ. ನಿಲ್ದಾಣಕ್ಕೆ ಬನ್ನಿ: ಬರುವ ಗುರುವಾರ, ಕಂದಿಯಗಾಶ್ ಕಡೆಯಿಂದ ಅಕ್ತೊಬೆಗೆ ಬರುವ ಬೆಳಗಿನ ರೈಲು.

ಇಂತಿ,
ಮದುವೆಯ ದಿನ ನಿಮಗೂ ಬಗ್ಗಿ ಸಲಾಮು ಮಾಡಿ, ಇನ್ನೂ ಸೊಂಟನೋವು ಹೋಗದ ಕಿರಿಸೊಸೆ,
ಮೋಲ್ದಿರ್