ನೀರುಕಾಗೆಗೆ ತೊಳೆದ ಬೂತಾಯಿ

ಸಲ್ವಾ, ಕುವೈತ್

ಅತ್ತೆಯವರಿಗೆ ವಾರಿಜಳ ನಮಸ್ಕಾರ.

ನಾನು ಅಡುಗೆ ಮಾಡುವ ಮನೆಯ ಬಾತ್‌ರೂಮಿನಲ್ಲಿ ಎರಡು ದಿನ ಒಂದು ನೀರುಕಾಗೆ ಇತ್ತು. ಕಡಲ ಬದಿಯಲ್ಲಿ ಬಲೆಗೆ ಸಿಕ್ಕಿದ್ದನ್ನು ಮೇಡಮ್‌ನ ಮಗ ಬಿಡಿಸಿ ತಂದದ್ದು. ಈ ಜಾತಿ ಅರಬರ ಕಡಲು ಬಿಟ್ಟರೆ ಬೇರೆಲ್ಲೂ ಇಲ್ಲವಂತೆ, ಇಲ್ಲೂ ಕಡಿಮೆಯಾಗುತ್ತಿದೆಯಂತೆ. ಅದು ನನ್ನ ಕೈಯಲ್ಲಿ ಸತ್ತರೆ ಏನು ಗತಿ? ನೀವು ಕಲಿಸಿದ ಹಾಗೆಯೇ ಬೂತಾಯಿ ಮೀನಿನ ತಲೆ, ಕರುಳು ತೆಗೆದು, ಉಪ್ಪು ಅರಸಿನ ಹಾಕಿ ತೊಳೆದು ಮುಂದಿಟ್ಟೆ. ಕಣ್ಣೆತ್ತಿಯೂ ನೋಡಲಿಲ್ಲ. ಇಷ್ಟು ಸೊಕ್ಕು ನಿಮ್ಮ ಮಗನಿಗೂ ಇಲ್ಲ.

ಕೊನೆಗೆ ಹಕ್ಕಿ ರಕ್ಷಿಸುವವರ ಡ್ರೈವರ್, ನಮ್ಮ ಉಳ್ಳಾಲದ ಅಜ್ಮಲ್ ಬಂದು ನಕ್ಕ. "ಅಕ್ಕಾ, ಇದು ನೆಂಟ್ರು ಅಲ್ಲ ಮಾರಾಯ್ರೆ, ಹಕ್ಕಿ! ಇಡೀ ಮೀನು ಕೊಡಿ." ಕೊಟ್ಟೆ. ಕರುಳು ಸಮೇತ ಗುಳುಂ ಎಂದು ನುಂಗಿತು! ನನಗೆ ಮೈಯೆಲ್ಲ ಉರಿಯಿತು.

ಇವತ್ತು ಕಡಲಿಗೆ ಬಿಡಲು ಎತ್ತಿಕೊಂಡದ್ದೇ ತಡ, ಅಜ್ಮಲ್‌ನ ಇಸ್ತ್ರಿ ಅಂಗಿಯ ಮೇಲೆ ಅಷ್ಟನ್ನೂ ಕಕ್ಕಿ ಹಾರಿಹೋಯಿತು.

ಮಂಡಿನೋವಿನ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೊಳ್ಳಿ. ತೊಳೆಯದ ಮೀನು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ನೀವು ಹೇಳುವುದು ಸರಿಯೇ ಅತ್ತೆ. ಅಜ್ಮಲ್‌ಗೂ ಹೇಳಿದೆ. ಅಂಗಿ ತೊಳೆಯುತ್ತಿದ್ದವ ಇನ್ನಷ್ಟು ಸೋಪು ಹಚ್ಚಿದ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ಸೊಸೆ ವಾರಿಜ